ಕರೆಯುವವರಿಲ್ಲದ ಹೆಸರು

ಹಿರಿಯರ ಹೆಸರನ್ನು ಮಗುವಿಗೆ ಇಡುವವರಿಗೆ ನನ್ನದೊಂದು ಮಾತು: ಇಡುವ ಮೊದಲು, ಮನೆಯಲ್ಲಿ ಅದನ್ನು ಬಾಯಿಬಿಟ್ಟು ಕರೆಯುವವರು ಯಾರು ಅಂತ ಗೊತ್ತುಮಾಡಿಕೊಳ್ಳಿ. ನಾನು ಮಾಡಿಕೊಳ್ಳಲಿಲ್ಲ.

ತೊಂಬತ್ತರ ದಶಕದ ಕೊನೆ. ತಿ. ನರಸೀಪುರದಲ್ಲಿ ಹಳೇ ಪಂಪ್‌ಸೆಟ್ ಕೊಂಡು ಮಾರುತ್ತಿದ್ದೆ. ಎಂಥ ಗಿರಾಕಿಯನ್ನೂ ಒಪ್ಪಿಸಿಬಿಡುತ್ತಿದ್ದೆ. ಮಗ ಹುಟ್ಟಿದಾಗ ಹೆಂಡತಿಗೆ ಎರಡಕ್ಷರದ ಹೊಸ ಹೆಸರು ಬೇಕಿತ್ತು. ದೇವನೂರಿನಿಂದ ಬಂದು ನಮ್ಮ ಜೊತೆಗಿದ್ದ ಅಪ್ಪನಿಗೆ ತಮ್ಮ ಹೆಸರೇ ಆಗಬೇಕಿತ್ತು: ನಂಜುಂಡ. ನಂಜನ್ನು ಉಂಡು ಲೋಕ ಉಳಿಸಿದವನು, ರೋಗ ಕಳೆಯುವವನು. ನಂಜನಗೂಡಿನ ಸುತ್ತ ಮನೆಗೊಬ್ಬನಿಗಿರುವ ಹೆಸರು.

"ಕಾಯೋ ಎಸ್ರು ಕಣಮ್ಮಿ, ಹೊಸದನ್ನ ಎರಡ್ನೇದಕ್ಕೆ ಇಡುವ" ಎಂದು ಹೆಂಡತಿಯನ್ನು ಒಪ್ಪಿಸಿದೆ.

ಇಟ್ಟ ಮೇಲೆ ಗೊತ್ತಾಯಿತು. ಮಾವನ ಹೆಸರನ್ನು ಸೊಸೆ ಎತ್ತುವಂತಿಲ್ಲ. ಗಂಡನ ಹೆಸರನ್ನು ಅವ್ವ ಎತ್ತುವುದಿಲ್ಲ. ಅಪ್ಪನ ಹೆಸರು ಹಿಡಿದು 'ಬಾರೋ' ಎನ್ನಲು ನನಗೂ ನಾಲಿಗೆ ಹೊರಳದು. ಮಗು ಎಲ್ಲರಿಗೂ 'ಪುಟ್ಟ' ಆಯಿತು.

ಮೂರು ವರ್ಷ ಕಳೆಯುವಷ್ಟರಲ್ಲಿ ಅಪ್ಪ ಹಾಸಿಗೆ ಹಿಡಿದರು. ಒಂದು ಬೆಳಿಗ್ಗೆ ನನ್ನನ್ನು ಹತ್ತಿರ ಕರೆದು ಹೇಳಿದರು.

"ನನ್ನೆಸ್ರಿಡ್ದು ಕರ್ಯೋರೆಲ್ಲ ಮಣ್ಣಾದ್ರು ಕಣ್ಲಾ. ಒಂದ್ಸಲ ಕಿವಿಗ್ ಬಿದ್ರೆ ಸಾಕು. ಅದ್ಕೇಯ ಮಗೀಗ್ ಇಡ್ಸಿದ್ದು."

ಮಗುವನ್ನು ಒಂದು ಸಲ ಆ ಹೆಸರಿನಿಂದ ಕರೆ ಎಂದು ಹೆಂಡತಿಯನ್ನು ಕೇಳಿದೆ.

"ಇಡುವ ಅಂದ್ರಿ, ಒಪ್ಕಂಡೆ. ಕರೀಬೇಕು ಅಂತ ಮಾತಾಗಿತ್ತಾ? ಮಾವ್ನೋರ ಎಸ್ರಿಡ್ದು 'ಉಣ್ಣು ಬಾರ್ಲಾ' ಅನ್ನಕಾದದಾ?"

ಅವ್ವ ರಾಗಿ ಕೇರುತ್ತ ತಲೆಯೆತ್ತದೆ ಅಂದಳು: "ಯಾಪಾರಕ್ಕೆ ಅಷ್ಟುದ್ದ ನಾಲ್ಗೆ ಅದೆಯಲ್ಲ, ನೀನೇ ಕರಿ."

ಅಪ್ಪನ ಮುಂದೆ ನಿಂತು ಅಂಗಳದ ಕಡೆ ಬಾಯಿ ತೆರೆದೆ. "ಪುಟ್ಟಾ" ಎಂದೇ ಬಂತು. ಇನ್ನೊಂದು ಸಲ ತೆರೆದೆ; ಏನೂ ಬರಲಿಲ್ಲ.

"ಬುಡು ಬುಡು," ಅಪ್ಪ ನಕ್ಕರು. "ಎತ್ತಿ ಕೂರ್ಸು, ನಾನೇ ಕರೀತೀನಿ."

ಬೆನ್ನಿಗೆ ಕೈಕೊಟ್ಟು ಕೂರಿಸಿದೆ. ಬಾಗಿಲಾಚೆ ಮಗು ತೆಂಗಿನ ಗರಿ ಎಳೆದುಕೊಂಡು ಬಸ್ಸಾಟ ಆಡುತ್ತಿತ್ತು. ಅಪ್ಪ ಉಸಿರು ಕೂಡಿಸಿಕೊಂಡು ತಮ್ಮದೇ ಹೆಸರನ್ನು ಕೂಗಿದರು.

"ನಂಜುಂಡಾ."

ಮಗು ತಿರುಗಲಿಲ್ಲ. ಇನ್ನೊಮ್ಮೆ ಕೂಗಿದರು. ಅದು ಗರಿಯನ್ನು ಕೆಳಗೆ ಬಿಟ್ಟು, ಯಾರು ಬಂದರೋ ಎಂದು ಗೇಟಿನ ಕಡೆ ನೋಡಿತು. ಆಮೇಲೆ ತಾತನ ಕಡೆ.

"ಯಾರೂ ಬಂದಿಲ್ವಲ್ಲ ತಾತ."

ಅಪ್ಪನ ಬೆನ್ನು ನನ್ನ ಅಂಗೈಗೆ ಭಾರವಾಗಿ ಒರಗಿತು.

"ಇಲ್ಲ ಕಣಪ್ಪ," ಅಂದರು ಅಪ್ಪ. "ನೀನು ಆಡ್ಕೋ ಓಗು."