ಡಾಕ್ಟರ್ ಹೇಳಿದ ಇನ್ನರ್ಧ ಮಾತು

ಗೌರಿ, ನಿನ್ನ ಮಗುವಿನ ಎದೆ ಬಡಿಯುತ್ತಿದ್ದದ್ದು ನನಗೆ ಗೊತ್ತಿತ್ತು. ಗೊತ್ತಿದ್ದೂ ಬಚ್ಚಿಟ್ಟೆ.

ಹೊಟ್ಟೆಕಿಚ್ಚು — ಬೇರೆ ಹೆಸರಿಲ್ಲ ಅದಕ್ಕೆ. ನಾನು ಈ ಮನೆಗೆ ಬಂದು ಒಂಬತ್ತು ವರ್ಷವಾದರೂ ಮಡಿಲು ತುಂಬಿರಲಿಲ್ಲ. ನೀನು ಕಿರಿಸೊಸೆ, ಬಂದ ವರ್ಷವೇ ಬಸುರಿ, ಅದೂ ಅವಳಿಯಂತೆ! ಐದನೇ ತಿಂಗಳಲ್ಲಿ ನಿನಗೆ ಹೂ ಮುಡಿಸುವಾಗ ನಾನೂ ಮಲ್ಲಿಗೆ ಹಿಡಿದು ನಿಂತಿದ್ದೆ. ಅತ್ತೆ ಎಲ್ಲರೆದುರಿಗೆ, "ನೀನೊಸಿ ಹಿಂದಕ್ಕೆ ನಿಂತ್ಕೊಳಮ್ಮ, ಮಕ್ಕಳೊಂದಿಗರು ಮುಡಿಸ್ಲಿ" ಅಂದರು. ನೀನು ತಲೆ ತಗ್ಗಿಸಿ ನಗುತ್ತಿದ್ದೆ. ನಾಚಿಕೆಯ ನಗುವೇ ಇರಬೇಕು. ಆಗ ನೀನು ನನ್ನನ್ನು ನೋಡಿ ನಕ್ಕೆ ಅಂದುಕೊಂಡೆ.

ಮರುವಾರ ದೊಡ್ಡಬಳ್ಳಾಪುರದಲ್ಲಿ ಸ್ಕ್ಯಾನಿಂಗ್. ನಿನ್ನ ಗಂಡನಿಗೆ ಏರ್‌ಪೋರ್ಟ್ ಟ್ಯಾಕ್ಸಿ ಡ್ಯೂಟಿ. ಬಾಶೆಟ್ಟಿಹಳ್ಳಿ ಫ್ಯಾಕ್ಟರಿಗೆ ರಜೆ ಹಾಕಿ ನಾನು ಬಂದೆ. ವಾಂತಿಯಾಗಿ ಸುಸ್ತಾದ ನೀನು ಹೊರಗೆ ಬೆಂಚಿನ ಮೇಲೆ ಮಲಗಿದ್ದೆ. ಡಾಕ್ಟರ್ ನನ್ನನ್ನು ಒಳಗೆ ಕರೆದರು.

"ಎರಡರಲ್ಲಿ ಒಂದು ಮಗುವಲ್ಲಮ್ಮ, ದ್ರಾಕ್ಷಿ ಗೊಂಚಲಿನ ಥರ ಬೆಳೆದಿರೋ ಗಡ್ಡೆ. ಇನ್ನೊಂದು ಮಗು ಸದ್ಯಕ್ಕೆ ಚೆನ್ನಾಗಿದೆ, ಎದೆ ಬಡೀತಾ ಇದೆ, ರಿಪೋರ್ಟಲ್ಲೂ ಬರೆದಿದೀನಿ. ಉಳಿಸ್ಕೊಳ್ಳೋದಾದ್ರೆ ದೊಡ್ಡಾಸ್ಪತ್ರೇಲಿ ಕಣ್ಣಿಟ್ಟು ನೋಡ್ಕೋಬೇಕು. ರಕ್ತಸ್ರಾವ, ಬಿಪಿ, ತಾಯಿಗೂ ಅಪಾಯ ಇದೆ. ಬೇಡ ಅಂದ್ರೆ ತೆಗೆಸಬಹುದು. ಅವರೇ ತೀರ್ಮಾನ ಮಾಡ್ಲಿ."

ಮನೆಗೆ ಬಂದು ನಾನು ಹೇಳಿದ್ದು ಅರ್ಧ: "ಒಳಗಿರೋದು ಮಕ್ಕಳಲ್ವಂತೆ, ಗಡ್ಡೆಯಂತೆ. ತೆಗೆಸ್ದೇ ಇದ್ರೆ ಗೌರಿ ಜೀವಕ್ಕೇ ಅಪಾಯ." ರಿಪೋರ್ಟು ಇಂಗ್ಲಿಷಿನಲ್ಲಿತ್ತು. ಓದುವವಳು ನಾನೊಬ್ಬಳೇ. ತೆಗೆಸಲು ಹೋದ ದೊಡ್ಡಾಸ್ಪತ್ರೆಯಲ್ಲಿ ಡಾಕ್ಟರ್, "ಎಲ್ಲಾ ತಿಳಿಸಿದೀರಾ?" ಎಂದು ಕೇಳಿದಾಗ ಹೂಂ ಅಂದವಳೂ ನಾನೇ. ನೀನು ಅಳುತ್ತಾ ಸಹಿ ಹಾಕಿದೆ — ನನಗೆ ಆ ಗಳಿಗೆಯಲ್ಲಿ... ಸಮಾಧಾನವಾಯಿತು ಗೌರಿ. ಅದನ್ನೂ ಹೇಳಿಬಿಡುತ್ತೇನೆ.

ಮಗು ಉಳಿಯುತ್ತಿತ್ತೋ ಇಲ್ಲವೋ, ನೀನೇ ಉಳಿಯುತ್ತಿದ್ದೆಯೋ ಇಲ್ಲವೋ ಗೊತ್ತಿಲ್ಲ. ಅದನ್ನು ನೆಪ ಮಾಡಿಕೊಳ್ಳುವುದಿಲ್ಲ. ತೀರ್ಮಾನ ನಿನ್ನದಾಗಬೇಕಿತ್ತು.

ಆಮೇಲೆ ನಿನಗೆ ಮಗಳು ಹುಟ್ಟಿದಳು. ನನ್ನನ್ನು ದೊಡ್ಡಮ್ಮ ಅನ್ನುತ್ತಾಳೆ. ಇಷ್ಟು ವರ್ಷ ಬಾಯಿ ಬಿಡದೆ ಇದ್ದೆ. ಆದರೆ ಮೊನ್ನೆ ನಾದಿನಿಯ ಸೊಸೆಗೆ ಹೂ ಮುಡಿಸುವಾಗ, ಹಿಂದೆ ನಿಂತಿದ್ದ ನನ್ನನ್ನು ನೀನೇ ಕೈ ಹಿಡಿದು ಮುಂದಕ್ಕೆಳೆದೆ. "ನಮ್ಮಕ್ಕನೇ ಮೊದ್ಲು ಮುಡಿಸ್ಲಿ. ನನ್ ಜೀವ ಉಳಿಸಿದೋಳು ಕಣ್ರೇ ಇವಳು" ಅಂದೆ.

ಮುಡಿಸಿದೆ. ಆ ಹುಡುಗಿಯ ಮುಖ ನೋಡಲಾಗಲಿಲ್ಲ.

ಆ ರಿಪೋರ್ಟನ್ನು ನನ್ನ ಧಾರೆ ಸೀರೆಯ ಮಡಿಕೆಯಲ್ಲಿಟ್ಟಿದ್ದೆ. ಈ ಕಾಗದದ ಜೊತೆಗೆ ಇಟ್ಟಿದ್ದೇನೆ. ನಿನ್ನ ಮಗಳಿಗೆ ಈಗ ಇಂಗ್ಲಿಷ್ ಬರುತ್ತದೆ. ಓದಿಸಿಕೋ. ಕೆಳಗಿನಿಂದ ಮೂರನೇ ಸಾಲು.