ಆರು ಫ್ಯಾನಿನ ಪೆಟ್ಟಿಗೆ

ಅಣ್ಣನನ್ನು ಮನೆಯಲ್ಲಿ ಕೂಡಿಸಬೇಕೆಂದೇ ನಾನು ಆ ಕಂಪ್ಯೂಟರ್ ಕಟ್ಟಿದ್ದು. ನಲವತ್ತರ ಹತ್ತಿರ ಬಂದ ಗಂಡಸಿಗೆ ಆಟ ಆಡುವ ಮಷಿನ್ ಯಾಕೆ ಎಂದು ಬೀಗರೂ ನಕ್ಕರು, ಓಣಿಯವರೂ ನಕ್ಕರು. ನಗುವವರ ಬಾಯಿ ಮುಚ್ಚಿಸುತ್ತ ಕೂರುವ ಪುರುಸೊತ್ತು ನನಗಿರಲಿಲ್ಲ. ಅಣ್ಣ ಗಿಣಿಗೇರಾದಲ್ಲಿ ಮನೆ ಮಾಡಿಕೊಂಡು, ಅಲ್ಲಿನ ಒಂದು ಕಬ್ಬಿಣದ ಕಾರ್ಖಾನೆಯ ಭಟ್ಟಿಯ ಮುಂದೆ ಹದಿನಾರು ವರ್ಷ ದುಡಿದಿದ್ದ. ಕೊನೆಯ ಎರಡು ವರ್ಷ ಕೆಮ್ಮು ಅವನನ್ನು ಬಿಟ್ಟಿರಲಿಲ್ಲ. ಕೊಪ್ಪಳದ ಡಾಕ್ಟರು ಎಕ್ಸ್‌ರೇ ಹಾಳೆಯನ್ನು ಕಿಟಕಿಯ ಬೆಳಕಿಗೆ ಹಿಡಿದು, ಎದೆಯಲ್ಲಿ ಧೂಳು ಕೂತಿದೆ, ಕೂತದ್ದು ಹೋಗುವುದಿಲ್ಲ, ಹೊಸದು ಬೀಳದ ಹಾಗೆ ನೋಡಿಕೊಳ್ಳಿ ಎಂದರು. ಮತ್ತೆ ಭಟ್ಟಿಗೆ ಹೋದರೆ ಉಳಿಯುವುದಿಲ್ಲ, ಆ ಊರನ್ನೇ ಬಿಟ್ಟರೆ ಇನ್ನೂ ಒಳ್ಳೆಯದು ಎಂದೂ ಹೇಳಿದರು.

ದವಾಖಾನೆಯ ಮೆಟ್ಟಿಲ ಮೇಲೆ ಅಣ್ಣನ ಹೆಂಡತಿ ನನ್ನನ್ನು ಬದಿಗೆ ಕರೆದರು. ನನಗೆ ಅವರು ವೈನಿ. ಯಾರ ಮುಂದೆಯೂ ಕೈ ಚಾಚಿದವರಲ್ಲ. "ಕುಷ್ಟಗ್ಯಾಗ ನಿಮ್ಮ ಮನ್ಯಾಗ ಒಂದ್ ನಾಕು ತಿಂಗಳು ಇಟ್ಕೋತೀರೇನ್ರಿ ಇವರನ್ನ?" ಎಂದು ಕೇಳಿದರು.

ನಾನು ಕುಷ್ಟಗಿಯಲ್ಲಿ ಸರಕಾರಿ ಕಚೇರಿಯ ಗುಮಾಸ್ತ. ಬಾಡಿಗೆ ಮನೆ, ಎರಡು ಕೋಣೆ. ಒಂದರಲ್ಲಿ ಮಲಗುತ್ತೇವೆ, ಇನ್ನೊಂದರಲ್ಲಿ ಮಕ್ಕಳು ಓದುತ್ತಾರೆ, ಮಂಚ ಹಾಕಲು ಜಾಗವೆಲ್ಲಿದೆ, ಬೇಸಿಗೆ ಕಳೆಯಲಿ, ದೊಡ್ಡ ಮನೆ ನೋಡೋಣ ಎಂದೆ. ಕೋಣೆ ಚಿಕ್ಕದಿದ್ದದ್ದು ನಿಜ. ಆ ಕೆಮ್ಮನ್ನು ದಿನವೂ ಕೇಳುತ್ತ ಬದುಕಬೇಕಾಗುತ್ತದೆ ಎಂಬ ಹೆದರಿಕೆಯೂ ಇತ್ತು, ಅದನ್ನು ಹೇಳಲಿಲ್ಲ. ವೈನಿ ಎರಡನೆಯ ಸಲ ಕೇಳಲಿಲ್ಲ.

ಅಣ್ಣ ಕೆಲಸವನ್ನೇನೋ ಬಿಟ್ಟ. ಆದರೆ ಕೂತು ಉಂಡು ಗೊತ್ತಿಲ್ಲದ ಮನುಷ್ಯ. ಪಾಳಿಯ ಸೈರನ್ ಕೂಗಿದರೆ ಸಾಕು, ಚಪ್ಪಲಿ ಮೆಟ್ಟಿಕೊಂಡು ಗೇಟಿನ ಕಡೆ ಹೊರಡುತ್ತಿದ್ದ. ಅಲ್ಲಿ ಗುತ್ತಿಗೆದಾರ, ಎರಡು ದಿನ ಬಂದು ಹೋಗು, ಹೊಸ ಹುಡುಗರಿಗೆ ಭಟ್ಟಿ ಗೊತ್ತಿಲ್ಲ ಎಂದು ಪುಸಲಾಯಿಸುತ್ತಿದ್ದ. ವೈನಿ ಫೋನಿನಲ್ಲಿ ಇಷ್ಟನ್ನು ಹೇಳಿದ ದಿನ ನನಗೆ ಗಂಗಾವತಿ ನೆನಪಾಯಿತು.

ಕೊಪ್ಪಳ ಜಿಲ್ಲೆಯಾದ ವರ್ಷ ನಾವು ಗಂಗಾವತಿಯಲ್ಲಿದ್ದೆವು. ನಮ್ಮ ಊರು ಇರಕಲ್ಲಗಡ. ಅಪ್ಪನಿಗೆ ಅಕ್ಕಿ ಗಿರಣಿಯಲ್ಲಿ ಹಮಾಲಿ ಸಿಕ್ಕಿದ್ದರಿಂದ ಅಲ್ಲಿಗೆ ಬಂದಿದ್ದೆವು. ಬಸ್ ನಿಲ್ದಾಣದ ಹಿಂದೆ ನಾಲ್ಕು ಟಿವಿ ಇಟ್ಟ ವಿಡಿಯೋ ಗೇಮ್ ಅಂಗಡಿಯೊಂದಿತ್ತು. ಕಾರು ಓಡಿಸುವ ಆಟದಲ್ಲಿ ಅಣ್ಣನನ್ನು ಸೋಲಿಸಿದವರಿಲ್ಲ. ಅವನು ಕೂತರೆ ಹಿಂದೆ ಜನ ಸೇರುತ್ತಾರೆಂದು ಅಂಗಡಿಯವನೇ ಕರೆದು ಕೂಡಿಸುತ್ತಿದ್ದ. ನಾನು ಕುರ್ಚಿಯ ಹಿಂದೆ ನಿಂತು ಎಡಕ್ಕೆ, ಬಲಕ್ಕೆ ಎಂದು ಒದರುವುದು, ಅವನು ನನ್ನ ಮಾತು ಕೇಳದೆ ಗೆಲ್ಲುವುದು. ಮುಂದೊಂದು ದಿನ ಇಂಥದ್ದೊಂದು ನಮ್ಮ ಮನೆಯಲ್ಲೇ ಇಡೋಣ ಎನ್ನುತ್ತಿದ್ದ. ಮರುವರ್ಷ ಅಪ್ಪನ ಸೊಂಟ ಹೋಯಿತು. ಅಣ್ಣ ಓದು ಬಿಟ್ಟು ಚೀಲ ಹೊತ್ತ, ಆಮೇಲೆ ಕಾರ್ಖಾನೆ ಸೇರಿದ. ನಾನು ಡಿಗ್ರಿ ಮಾಡಿದೆ. ನನ್ನ ಈ ಗುಮಾಸ್ತಿಕೆ ಅವನ ಬೆನ್ನ ಮೇಲೆ ಬಂದದ್ದು.

ಆಸೆ ತೋರಿಸಿಯಾದರೂ ಮನೆಯಲ್ಲಿ ಹಿಡಿದಿಡೋಣ ಎಂದುಕೊಂಡೆ. ಕೊಡುವುದಾದರೆ ಎಲ್ಲಕ್ಕಿಂತ ದೊಡ್ಡದನ್ನೇ ಕೊಡಬೇಕು ಎಂಬ ಜಿದ್ದಿಗೆ ಬಿದ್ದೆ. ಮೂರು ತಿಂಗಳು ಮೊಬೈಲಿನಲ್ಲಿ ವಿಡಿಯೋ ನೋಡಿದೆ, ಬರೆದುಕೊಂಡೆ, ಬರೆದದ್ದನ್ನು ಹೊಡೆದುಹಾಕಿದೆ. ಮೊದಲ ಸಲ ಕಟ್ಟುವವರು ಎಲ್ಲಿ ಎಡವುತ್ತಾರೆಂದು ನನಗೆ ಬಾಯಿಪಾಠವಾಯಿತು. ಗ್ರಾಫಿಕ್ಸ್ ಕಾರ್ಡಿಗೆ ದುಡ್ಡನ್ನೆಲ್ಲ ಸುರಿದು, ಪವರ್ ಸಪ್ಲೈ ಮಾತ್ರ ಅಗ್ಗದ್ದು ಹಾಕಿ ಇಡೀ ಮಷಿನ್ ಸುಟ್ಟುಕೊಳ್ಳುತ್ತಾರೆ. ನಾನು ಇಟ್ಟಿಗೆಯಷ್ಟು ಭಾರದ್ದನ್ನು ತರಿಸಿದೆ. ಕಾರ್ಡು ಪೆಟ್ಟಿಗೆಯೊಳಗೆ ಹಿಡಿಸದೆ ಪೇಚಾಡುತ್ತಾರೆ. ನಾನು ದರ್ಜಿಯ ಟೇಪು ಹಿಡಿದು ಅಳೆದೆ. ಪ್ರೊಸೆಸರ್ ಎಷ್ಟು ಬಿಸಿಯಾದರೆ ತನ್ನಷ್ಟಕ್ಕೆ ತಾನೇ ಆರಿಹೋಗಿ ಜೀವ ಉಳಿಸಿಕೊಳ್ಳುತ್ತದೆ ಎಂಬುದೂ ಗೊತ್ತಾಯಿತು. ಅಣ್ಣನ ಎಕ್ಸ್‌ರೇ ಹಾಳೆಯನ್ನು ಹುಬ್ಬಳ್ಳಿಗೆ ಒಯ್ದು ಇನ್ನೊಬ್ಬರಿಗೆ ತೋರಿಸಬೇಕು ಎಂಬುದು ಆ ಮೂರು ತಿಂಗಳಲ್ಲಿ ಒಮ್ಮೆಯೂ ಹೊಳೆಯಲಿಲ್ಲ. ಅದೇ ಹುಬ್ಬಳ್ಳಿಗೆ ಪೆಟ್ಟಿಗೆ ಆರಿಸಲು ಎರಡು ಸಲ ಹೋಗಿದ್ದೆ. ಒಂದು ಬದಿಗೆ ಗಾಜು, ಮುಂದೆ ಜಾಲರಿ, ಗಾಳಿ ಎಳೆಯಲು ಮುಂದೆ ಮೂರು ಫ್ಯಾನು, ಬಿಸಿ ಹೊರಹಾಕಲು ಮೇಲೆ ಎರಡು, ಹಿಂದೆ ಒಂದು.

ಸಾಮಾನನ್ನೆಲ್ಲ ಗಿಣಿಗೇರಾಕ್ಕೆ ಒಯ್ದು ನೆಲದ ಮೇಲೆ ಹರಡಿದಾಗ ಅಣ್ಣನ ಮುಖ ನೋಡಬೇಕಿತ್ತು. ಒಂದೊಂದನ್ನೂ ಎತ್ತಿ ಮೂಸಿ ನೋಡಿದ. ಆದರೆ ಕಟ್ಟಲು ಬಿಡಲಿಲ್ಲ. ಮೊದಲು ಅರ್ಥಿಂಗ್ ನೋಡಬೇಕೆಂದು ಹಟ ಹಿಡಿದು, ಫೇಸಿನಿಂದ ಅರ್ಥಿಗೆ ಬಲ್ಬು ಹಚ್ಚಿ ನೋಡಿದ. ಬಲ್ಬು ಮಿಣಿಮಿಣಿ ಎಂದಿತು, ಅಂದರೆ ಅರ್ಥಿಂಗ್ ಸರಿಯಿರಲಿಲ್ಲ. ನನ್ನ ಮೂರು ತಿಂಗಳ ವಿದ್ಯೆಯಲ್ಲಿ ಇದೇ ಇರಲಿಲ್ಲ. ಹಿತ್ತಲಲ್ಲಿ ಹೊಸ ಕುಣಿ ತೋಡಿಸಿ, ಉಪ್ಪು ಇದ್ದಿಲು ತುಂಬಿ, ನೀರು ಹಾಕಿದ ಮೇಲೆ ಬಲ್ಬು ಪೂರ್ತಿ ಉರಿಯಿತು. ಅಂದಿನಿಂದ ವೈನಿ ತುಳಸಿಗೆ ನೀರೆರೆದು ಉಳಿದದ್ದನ್ನು ಆ ಕುಣಿಗೆ ಹಾಕುತ್ತಿದ್ದರು.

ಕಟ್ಟಿ ಮುಗಿಸಿ ಶುರು ಮಾಡಿದೆವು. ಆಟ ಹಚ್ಚಿ ಹತ್ತು ನಿಮಿಷಕ್ಕೆ ಗಪ್ಪನೆ ಆರಿತು. ಮತ್ತೆ ಹಚ್ಚಿದರೆ ಮತ್ತೆ ಆರಿತು. ನಾನು ಕಂಪನಿಯವರನ್ನೂ ಅಂಗಡಿಯವನನ್ನೂ ಬೈಯುತ್ತ ಕೂತೆ. ಅಣ್ಣ ಗಾಜಿನ ಬಾಗಿಲು ತೆಗೆದು, ಪ್ರೊಸೆಸರ್ ಮೇಲಿನ ಕೂಲರ್ ಮೇಲೆ ಅಂಗೈ ಇಟ್ಟು, ಕಣ್ಣು ಮುಚ್ಚಿ, ಆಮೇಲೆ ಅದರ ಬುಡಕ್ಕೆ ಬೆರಳು ತಾಗಿಸಿದ.

"ಕೆಳಗ ಸುಡಾಕತ್ತೈತಿ, ಮ್ಯಾಲ ತಣ್ಣಗ ಐತಿ," ಎಂದ. "ನಡುವ ಏನೋ ಅಡ್ಡ ಐತಿ, ತಮ್ಮಾ."

ಬಿಚ್ಚಿ ನೋಡಿದರೆ ಕೂಲರಿನ ತಳಕ್ಕೆ ಅಂಟಿಸಿದ್ದ ಪ್ಲಾಸ್ಟಿಕ್ ಹಾಳೆ ಹಾಗೇ ಇತ್ತು. ಹಚ್ಚುವ ಮೊದಲು ಕಿತ್ತು ಹಾಕಿರಿ ಎಂದು ಅದರ ಮೇಲೇ ಬರೆದಿತ್ತು. ಹೇಳುವುದು ಶಾಸ್ತ್ರ, ತಿನ್ನುವುದು ಬದನೆಕಾಯಿ. ಭಟ್ಟಿಯ ಗೋಡೆ ಮುಟ್ಟಿ ಒಳಗಿನ ಬೆಂಕಿ ಹೇಳುತ್ತಿದ್ದವನಿಗೆ ಇದೇನು ದೊಡ್ಡದಲ್ಲ. ಅವನು ನಗಹೋಗಿ ಕೆಮ್ಮಿದ, ಗೋಡೆ ಹಿಡಿದುಕೊಂಡು ಬಹಳ ಹೊತ್ತು ಕೆಮ್ಮಿದ.

ಅಲ್ಲಿಂದ ಮುಂದಿನ ಐದಾರು ತಿಂಗಳು ನಾನು ಅಂದುಕೊಂಡ ಹಾಗೇ ನಡೆಯಿತು. ಗುತ್ತಿಗೆದಾರ ಮನೆಗೇ ಬಂದು ಕರೆದಾಗ, ಇವತ್ತು ನಂದು ರೇಸ್ ಐತಿ ಎಂದು ಹೇಳಿ ಕಳಿಸಿದನಂತೆ. ವೈನಿ ಇದನ್ನು ಫೋನಿನಲ್ಲಿ ಹೇಳುವಾಗ ಅವರ ದನಿಯಲ್ಲಿ ನಗುವಿತ್ತು. ನಾನು ಕಚೇರಿಯಲ್ಲಿ ಎಲ್ಲರಿಗೂ ಹೇಳಿಕೊಂಡು ತಿರುಗಿದೆ. ದೊಡ್ಡ ಮನೆ ಹುಡುಕುವ ಮಾತನ್ನು ಅಲ್ಲಿಗೆ ಬಿಟ್ಟೆ. ಬಿಡಲು ಒಂದು ನೆವ ಸಿಕ್ಕಿತ್ತು ಎಂದರೆ ಸರಿಯಾದೀತು.

ಒಂದು ದಿನ ಅಣ್ಣನೇ ಫೋನು ಮಾಡಿ, ಮತ್ತೆ ಆರಲು ಶುರು ಮಾಡಿದೆ ಎಂದ. ಹೋಗಿ ಬಾಗಿಲು ತೆಗೆದೆ. ಒಳಗೆಲ್ಲ ಕಪ್ಪು. ಫ್ಯಾನಿನ ಎಲೆಗಳ ಮೇಲೆ, ಕೂಲರಿನ ಸಂದಿಯಲ್ಲಿ, ಕಾರ್ಡಿನ ಬೆನ್ನ ಮೇಲೆ ಕಾಡಿಗೆಯಂಥ ಧೂಳು. ಆರು ಫ್ಯಾನಿನ ಆ ಪೆಟ್ಟಿಗೆ ಕಿಟಕಿಯಿಂದ ಬಂದ ಊರಿನ ಗಾಳಿಯನ್ನೆಲ್ಲ ತನ್ನೊಳಗೆ ಎಳೆದುಕೊಂಡಿತ್ತು. ಅಣ್ಣ ಒಳಗಿನಿಂದ ಹಳೇ ಸ್ಪೀಕರಿನ ಅಯಸ್ಕಾಂತ ತಂದು ಹತ್ತಿರ ಹಿಡಿದ. ಧೂಳು ಮುಳ್ಳುಮುಳ್ಳಾಗಿ ಎದ್ದು ಅದಕ್ಕೆ ಅಂಟಿತು. ಅಷ್ಟೂ ಕಬ್ಬಿಣ. ಅವನು ಅದನ್ನೇ ನೋಡುತ್ತ, ಎದೆಯ ಮೇಲೆ ಕೈ ಇಟ್ಟುಕೊಂಡ. ನಾನು ನೋಡದವನ ಹಾಗೆ ಸ್ಕ್ರೂ ಹುಡುಕುತ್ತ ಕೂತೆ.

ಹಿಟ್ಟಿನ ಹಳೇ ಸಾಣಿಗೆಯ ಜಾಲರಿ ಕತ್ತರಿಸಿ, ಮೇಲೆ ತೆಳು ಅರಿವೆ ಹೊಲಿದು ಅವನೇ ಮುಂದಿನ ಫ್ಯಾನುಗಳಿಗೆ ಸೋಸುಕ ಮಾಡಿದ. ನಾನು ಕುಷ್ಟಗಿಗೆ ಬಂದು, ಗಾಳಿ ಊದುವ ಬ್ಲೋವರ್ ಒಂದನ್ನು ಕೊರಿಯರಿನಲ್ಲಿ ಕಳಿಸಿದೆ. ವಾರಕ್ಕೊಮ್ಮೆ ತಪ್ಪದೆ ಊದು, ಇಲ್ಲದಿದ್ದರೆ ಮಷಿನ್ ಸಾಯುತ್ತದೆ ಎಂದು ಫೋನಿನಲ್ಲಿ ಎರಡೆರಡು ಸಲ ಹೇಳಿದೆ. ಹೇಳಿದ ಮಾತು ಇವತ್ತಿಗೂ ನನ್ನ ಕಿವಿಯಲ್ಲಿದೆ. ಮಷಿನ್ ಸಾಯುತ್ತದೆ ಎಂದೆ.

ಗಾಳಿಯಲ್ಲಿ ಧೂಳು ಊದುವುದು ಅವರ ಕಾರ್ಖಾನೆಯ ರೂಢಿ ಎಂಬುದು ನನ್ನ ತಲೆಗೆ ಬರಬೇಕಿತ್ತು. ಪಾಳಿ ಮುಗಿದ ಮೇಲೆ ಒಬ್ಬರ ಮೈಗೆ ಒಬ್ಬರು ಗಾಳಿ ಪೈಪು ಹಿಡಿದು ಧೂಳು ಹಾರಿಸಿಕೊಂಡು ಮನೆಗೆ ಬರುವವರು ಅವರು. ಅವರ ಲೆಕ್ಕದಲ್ಲಿ ಹಾರಿದ ಧೂಳು ಹೋದ ಹಾಗೆ. ಅಮಾವಾಸ್ಯೆಗಂತೂ ಒಂದೊಂದು ಮಷಿನನ್ನೂ ಊದಿ, ವಿಭೂತಿ ಹಚ್ಚಿ, ಕಾಯಿ ಒಡೆಯುತ್ತಾರೆ. ಅಣ್ಣ ಕೆಲಸ ಬಿಟ್ಟರೂ ಆ ಪದ್ಧತಿ ಬಿಟ್ಟಿರಲಿಲ್ಲ.

ಒಂದು ಭಾನುವಾರ ಅಮಾವಾಸ್ಯೆ ಬಂದಿತ್ತು. ಹೇಳದೆ ಕೇಳದೆ ಗಿಣಿಗೇರಾಕ್ಕೆ ಹೋದೆ. ವೈನಿ ಹೊರಗೆ ಕಟ್ಟೆಯ ಮೇಲೆ, ತಟ್ಟೆಯಲ್ಲಿ ಕಾಯಿ, ವಿಭೂತಿ, ಊದಿನಕಡ್ಡಿ ಇಟ್ಟುಕೊಂಡು ಕೂತಿದ್ದರು. ಬಾಗಿಲು ಒಳಗಿನಿಂದ ಹಾಕಿತ್ತು. ಕಿಟಕಿಯೂ ಮುಚ್ಚಿತ್ತು. ಒಳಗೆ ಬ್ಲೋವರಿನ ಸದ್ದು, ನಡುನಡುವೆ ಕೆಮ್ಮು. ಏನಿದು ಎಂದರೆ ವೈನಿ ನಿಧಾನಕ್ಕೆ ಹೇಳಿದರು. ಮೊದಲ ಸಲ ಅಂಗಳದಲ್ಲಿ ಊದಿದಾಗ ಪಕ್ಕದ ಮನೆಯವರು ಒಣಹಾಕಿದ್ದ ಶಾವಿಗೆಯೆಲ್ಲ ಕಪ್ಪಾಗಿ ದೊಡ್ಡ ಜಗಳವಾಗಿತ್ತಂತೆ. ಅಂದಿನಿಂದ ಪ್ರತಿ ವಾರ ಬಾಗಿಲು ಹಾಕಿಕೊಂಡೇ ಊದುತ್ತಾನಂತೆ. ಧೂಳು ವೈನಿಗೆ ತಾಗಬಾರದೆಂದು ಅವರನ್ನು ಹೊರಗೆ ಕೂಡಿಸುತ್ತಾನಂತೆ. ಬಾಯಿಗೆ ಅರಿವೆ ಕಟ್ಟಿಕೊಂಡರೆ ಉಸಿರೇ ಸಾಲುವುದಿಲ್ಲವೆಂದು ಹಾಗೇ ನಿಲ್ಲುತ್ತಾನಂತೆ.

ನಾನು ಬಾಗಿಲು ಬಡಿದೆ. ಸದ್ದು ನಿಂತಿತು. ಬಾಗಿಲು ತೆರೆದವನ ಮುಖ, ಕೂದಲು, ಹುಬ್ಬು ಎಲ್ಲ ಕಪ್ಪು. ಭಟ್ಟಿಯಿಂದ ಬರುತ್ತಿದ್ದಾಗ ಹೇಗಿರುತ್ತಿದ್ದನೋ ಹಾಗೇ ನಿಂತಿದ್ದ. ಹಿಂದೆ ಪೆಟ್ಟಿಗೆ ಥಳಥಳ ಹೊಳೆಯುತ್ತಿತ್ತು.

"ನೋಡು, ಹೊಸಾದ್ರಂಗ ಆಗೇತಿ," ಎಂದ.

ನನಗೆ ಎಲ್ಲಿಲ್ಲದ ಸಿಟ್ಟು ಬಂತು. ಅವನ ಕೈಯಿಂದ ಬ್ಲೋವರ್ ಕಸಿದು ಅಂಗಳಕ್ಕೆ ಎಸೆದೆ. ತಿರುಗಿ, ನಿಮಗಾದರೂ ಬುದ್ಧಿ ಬೇಡವೇ ಎಂದು ವೈನಿಯ ಮೇಲೆ ಒದರಿದೆ. ಅವರು ತಟ್ಟೆಯನ್ನು ಕೆಳಗಿಟ್ಟು, ಸೆರಗಿನಿಂದ ಅಣ್ಣನ ಮುಖ ಒರೆಸಿದರು.

"ವಾರಕ್ಕೊಮ್ಮೆ ಊದಬೇಕಂತ ನೀವ ಹೇಳಿದ್ರಲ್ರಿ," ಎಂದರು. "ತಮ್ಮ ಹೇಳ್ಯಾನಂತ ಒಂದು ವಾರಾನೂ ತಪ್ಪಿಸಿಲ್ಲ ಅವರು."

ಅಣ್ಣ ಮುಂದಿನ ಸಂಕ್ರಾಂತಿ ಕಾಣಲಿಲ್ಲ. ಹದಿನಾರು ವರ್ಷದ ಧೂಳು ಅದು, ಮಷಿನ್ ಊದಿದ ಆ ಕೆಲವು ತಿಂಗಳದ್ದಲ್ಲ, ಮನಸ್ಸಿಗೆ ಹಚ್ಚಿಕೊಳ್ಳಬೇಡಿ ಎಂದು ಡಾಕ್ಟರು ಹೇಳಿದರು. ಅವರು ಒಳ್ಳೆಯವರು, ಬಂದವರಿಗೆಲ್ಲ ಹಾಗೆ ಹೇಳುತ್ತಾರೆ. ನಾನು ಹಚ್ಚಿಕೊಂಡಿದ್ದೇನೆ.

ವೈನಿ ಗಿಣಿಗೇರಾದ ಮನೆ ಬಿಟ್ಟು ಯಲಬುರ್ಗಾ ಕಡೆಯ ಮಂಗಳೂರಿನ ತವರಿಗೆ ಹೋದರು. ಮಷಿನ್ ತಮಗೆ ಬೇಡವೆಂದರು. ನಾನು ಅದನ್ನು ಗೋಣಿಯಲ್ಲಿ ಸುತ್ತಿ ಟಂಟಂ ಆಟೋದಲ್ಲಿ ಕುಷ್ಟಗಿಗೆ ತಂದೆ. ಇಲ್ಲಿ ಅದು ಒಂದು ದಿನವೂ ಆರಿಲ್ಲ. ಅಣ್ಣ ಹೊಲಿದ ಸೋಸುಕವನ್ನು ಮೂರು ತಿಂಗಳಿಗೊಮ್ಮೆ ತೆಗೆದು ನೋಡುತ್ತೇನೆ, ಒಂದಿಷ್ಟು ಕೆಂಪು ಮಣ್ಣು ಬಿಟ್ಟರೆ ಏನೂ ಇರುವುದಿಲ್ಲ.

ವರ್ಷದ ಕಾರ್ಯ ಮುಗಿದ ಮೇಲೆ ವೈನಿ ಒಮ್ಮೆ ನಮ್ಮ ಮನೆಗೆ ಬಂದರು. ಅದೇ ಬಾಡಿಗೆ ಮನೆ, ಅದೇ ಎರಡು ಕೋಣೆ. ಚಹಾ ಕುಡಿದು, ಮಕ್ಕಳನ್ನು ಮಾತನಾಡಿಸಲೆಂದು ಓದುವ ಕೋಣೆಗೆ ಹೋದವರು ಬಾಗಿಲಲ್ಲೇ ನಿಂತರು. ಕಪಾಟು ಸರಿಸಿ, ಗೋಡೆಯ ಉದ್ದಕ್ಕೂ ಮೇಜು ಹಾಕಿಸಿ, ಪಕ್ಕದಲ್ಲಿ ಕುರ್ಚಿ ಇಟ್ಟು ನಾನು ಆ ಪೆಟ್ಟಿಗೆಯನ್ನು ಕೂಡಿಸಿದ್ದೆ. ವೈನಿ ಮೇಜಿನ ಈ ತುದಿಯಿಂದ ಆ ತುದಿಗೆ ನೋಡಿದರು. ಸಿಟ್ಟಿನಿಂದಲ್ಲ, ಅಳತೆ ಹಾಕುವವರ ಹಾಗೆ ನೋಡಿದರು.

"ಇಷ್ಟ ಜಾಗ ಸಾಕಾಗತಿತ್ರಿ ಅವರಿಗೆ," ಎಂದರು.