ಅಜ್ಜಿಯ ದನಿ ಒಯ್ದವರು

ನಮ್ಮ ತಾಂಡಾಕ್ಕೆ ಯಾರಾದರೂ ಬ್ಯಾಗು ಹೆಗಲಿಗೇರಿಸಿಕೊಂಡು ಬಂದರೆ ನಾನು ಮೊದಲು ಅವರ ಚಪ್ಪಲಿ ನೋಡುತ್ತೇನೆ. ಚಪ್ಪಲಿಗೆ ಮಣ್ಣು ಹತ್ತಿಲ್ಲ ಎಂದರೆ ಜೀಪು ಮನೆಬಾಗಿಲಿಗೇ ಬಂದಿದೆ, ಬಂದವರು ಸಂಜೆಯೊಳಗೆ ಜಾಗ ಖಾಲಿ ಮಾಡುವವರು ಎಂದೇ ಲೆಕ್ಕ. ಗಜೇಂದ್ರಗಡದ ಗುಡ್ಡದ ಮಗ್ಗುಲಲ್ಲಿರುವ ನಮ್ಮ ಲಂಬಾಣಿ ತಾಂಡಾಕ್ಕೆ ಹೀಗೆ ಬಂದುಹೋದವರು ಕಡಿಮೆಯೇನಿಲ್ಲ. ಒಮ್ಮೆ ಮಕ್ಕಳ ತೋಳು ಅಳೆದರು. ಇನ್ನೊಮ್ಮೆ ಹೆಂಗಸರ ರಕ್ತ ತೆಗೆದುಕೊಂಡು ಹೋದರು; ಆ ರಕ್ತದಲ್ಲಿ ಏನಿತ್ತು ಅಂತ ಇವತ್ತಿಗೂ ಯಾರೂ ಬಂದು ಹೇಳಿಲ್ಲ. ಶಾಲೆ ಬಿಟ್ಟ ಹುಡುಗಿಯರನ್ನು ಕೂಡಿಸಿಕೊಂಡು ಯಾಕೆ ಬಿಟ್ಟಿರಿ ಎಂದು ಕೇಳಿದವರಂತೂ, ಬಸ್ಸು ಬರುವುದಿಲ್ಲ ಎಂಬ ಉತ್ತರ ಕೇಳಿ ಮುಖ ಸಣ್ಣದು ಮಾಡಿಕೊಂಡರು. ಅವರಿಗೆ ಬೇರೇನೋ ದೊಡ್ಡ ಕಾರಣ ಬೇಕಾಗಿತ್ತು. ನಾನು ರೋಣದಲ್ಲಿ ಹೈಸ್ಕೂಲು ಶಿಕ್ಷಕಿ. ಸಂಶೋಧನೆ ಬೇಕು ಎಂಬುದು ಗೊತ್ತಿಲ್ಲದವಳಲ್ಲ. ಆದರೂ ಸಂಶಯ ನನ್ನ ಮೈಗೆ ಅಂಟಿಕೊಂಡಿದೆ, ಬಿಡಿಸಿಕೊಳ್ಳುವ ಇರಾದೆಯೂ ನನಗಿಲ್ಲ.

ಅದಕ್ಕೆ ಕಾರಣ ಅಜ್ಜಿ, ಅವ್ವನ ಅವ್ವ. ನಾನು ಸಣ್ಣವಳಿದ್ದಾಗ ಅಪ್ಪ, ಅವ್ವ ಗೋವಾಕ್ಕೆ ದುಡಿಯಲು ಹೋಗಿದ್ದರು, ನನ್ನನ್ನೂ ಕರೆದುಕೊಂಡು. ಆ ವರ್ಷವೇ ಯಾರೋ ದೊಡ್ಡ ಮನುಷ್ಯ ತಾಂಡಾಕ್ಕೆ ಟೇಪ್ ರೆಕಾರ್ಡರ್ ತಂದು ಅಜ್ಜಿಯಿಂದ ಢಾವಲೋ ಹಾಡಿಸಿಕೊಂಡು ಹೋದನಂತೆ. ನಮ್ಮ ಮದುಮಗಳು ತವರು ಬಿಡುವಾಗ ಒಬ್ಬೊಬ್ಬರ ಕೊರಳಿಗೂ ಬಿದ್ದು ಅಳುತ್ತ ಹಾಡುವುದೇ ಢಾವಲೋ. ರಾಗ ಹಿರಿಯರದು, ಮಾತು ಅವರವರದು. ಸಿಟ್ಟಿದ್ದರೆ ಅದರಲ್ಲೇ ಬೈಯಲೂಬಹುದು. ಬಹಳ ದಿನಕ್ಕೆ ಭೇಟಿಯಾದ ತಾಯಿ ಮಗಳೂ ಹಾಗೆಯೇ ಕೊರಳಪ್ಪಿ ಅಳಬೇಕು, ಆಮೇಲೆಯೇ ನೀರು, ಚಹಾ. ಅವ್ವನಿಗೆ ಆ ಭೇಟಿ ಆಗಲೇ ಇಲ್ಲ. ನಾವು ಗೋವಾದಿಂದ ಬರುವುದರೊಳಗೆ ಅಜ್ಜಿಯ ಮಣ್ಣಾಗಿತ್ತು.

ಮನೆಯಲ್ಲಿ ಅವಳ ಒಂದು ಫೋಟೋ ಕೂಡ ಇಲ್ಲ. ಕ್ಯಾಸೆಟ್ ಕಳಿಸುತ್ತೇನೆಂದವನ ಪತ್ತೆಯಿಲ್ಲ. "ಅವ್ವನ ದನಿ ಹ್ಯಾಂಗಿತ್ತಂತ ನೆನಪಾಗವಲ್ದು" ಎಂದು ಅವ್ವ ಒಂದು ದಿನ ಜೋಳ ಹಸನು ಮಾಡುತ್ತ ಹೇಳಿದಳು. ಆವತ್ತು ಆ ಮನುಷ್ಯನ ಮೇಲೆ ಬಂದ ಸಿಟ್ಟು ಇನ್ನೂ ಇಳಿದಿಲ್ಲ.

ಹೋದ ವರ್ಷ ರಜೆಯಲ್ಲಿ ನಾನು ತಾಂಡಾದಲ್ಲಿದ್ದಾಗ ಬೆಂಗಳೂರು ಕಡೆಯ ಒಬ್ಬ ಹೆಣ್ಣುಮಗಳು ಬಂದಳು. ಬುಡಕಟ್ಟು ಮತ್ತು ಅಲೆಮಾರಿ ಜನರ ಹಾಡು, ಔಷಧಿ, ಹಕ್ಕು ಎಲ್ಲದರ ಮಾಹಿತಿಯನ್ನೂ ಅವಳ ಸಂಸ್ಥೆ ಒಂದು ಕಡೆ ಕೂಡಿಡುತ್ತಿದೆಯಂತೆ. ಅವಳ ಚಪ್ಪಲಿ ಮಣ್ಣಾಗಿತ್ತು. ಬೇಕಂತಲೇ ಮಣ್ಣು ಮಾಡಿಕೊಂಡು ಬಂದಿದ್ದಾಳೆ ಎಂದುಕೊಂಡೆ.

ಚಹಾ ಕುಡಿದಾದ ಮೇಲೆ ಅವಳು ಅವ್ವನನ್ನು ಕೇಳಿದಳು: "ಅಮ್ಮಾ, ಒಂದು ಢಾವಲೋ ಹಾಡ್ತೀರಾ?"

"ಯಾರ ಹೊಂಟಾರಂತ ಹಾಡ್ಲಿ?" ಎಂದಳು ಅವ್ವ. ಯಾರೂ ಹೊರಡದಿರುವಾಗ ಬೀಳ್ಕೊಡುವ ಅಳು ಹಾಡಿದರೆ ಮನೆಯಿಂದ ಯಾರೋ ಒಬ್ಬರು ಹೊರಟೇ ಹೋಗುತ್ತಾರೆ ಎಂದು ನಮ್ಮಲ್ಲಿ ಹೆದರುತ್ತಾರೆ.

ನಾನು ಬಾಯಿ ಹಾಕಿದೆ. "ಹಿಂದಕ ಒಬ್ರು ಒಯ್ದಾರಲ್ರಿ, ಅದನ್ನ ಏನ್ ಮಾಡಿದ್ರಿ?"

ಅವಳಿಗೆ ನಾನು ಕೇಳಿದ್ದು ಅರ್ಥವಾಗಲಿಲ್ಲ. "ಇಂಥದ್ದು ಬೇಕಾಗಿತ್ತು" ಎನ್ನುತ್ತ ಲ್ಯಾಪ್‌ಟಾಪ್ ತೆರೆದು ಒಂದು ಹಾಡು ಹಚ್ಚಿದಳು. "ಯಾರದೋ ಹಳೇ ಕ್ಯಾಸೆಟ್‌ನಿಂದ ತಗೊಂಡಿದ್ದು. ನಮ್ಮ ಸಂಗ್ರಹದಲ್ಲಿ ಇದೇ ತುಂಬಾ ಚೆನ್ನಾಗಿರೋದು."

ಮೊದಲು ಗರಗರ ಸದ್ದು, ಆಮೇಲೆ ಎಲ್ಲೋ ಕೋಳಿ ಕೂಗಿದ್ದು, ಆಮೇಲೆ ಒಂದು ಹೆಣ್ಣು ದನಿ. ಅವ್ವ ಕೈಯಲ್ಲಿದ್ದ ಚಹಾದ ಬಸಿಯನ್ನು ನೆಲಕ್ಕಿಟ್ಟಳು.

"ನಮ್ಮವ್ವ" ಎಂದಳು.

ಪರದೆಯ ಮೇಲೆ ಬರೆದದ್ದನ್ನು ಓದಿದೆ. ತವರನ್ನಗಲುವ ಮದುಮಗಳ ದುಃಖದ ಹಾಡು, ಹಾಡಿದವರು ಲಂಬಾಣಿ ವೃದ್ಧೆ. ನನ್ನ ಅಜ್ಜಿಗೆ ಹೆಸರೇ ಇಲ್ಲ! ಜಗಳಕ್ಕೆ ಸೆರಗು ಬಿಗಿಯುವಷ್ಟರಲ್ಲಿ ಅವ್ವ ನಗತೊಡಗಿದಳು. ನನಗೆ ಗಾಬರಿಯಾಯಿತು. ಕಿವಿಗೊಟ್ಟು ಕೇಳಿದೆ. ರಾಗ ಢಾವಲೋದ್ದೇ, ಬಿಕ್ಕಳಿಕೆಯೂ ಇತ್ತು. ಆದರೆ ಅಜ್ಜಿ ನಮ್ಮ ಲಂಬಾಣಿ ಮಾತಿನಲ್ಲಿ ಆ ದೊಡ್ಡ ಮನುಷ್ಯನನ್ನೇ ಬೈಯುತ್ತಿದ್ದಳು. ರೊಟ್ಟಿ ತಿಂದೆ, ಚರಿಗೆ ಮಜ್ಜಿಗೆ ಕುಡಿದೆ, ನನ್ನ ಹೆಸರು ಕೇಳಲಿಲ್ಲ ನೀನು. ಅತ್ತು ಕಳಿಸಲಿಕ್ಕೆ ನನ್ನ ಮನೆಯಲ್ಲಿ ಯಾರೂ ಇಲ್ಲ, ನಿನ್ನ ಪೆಟ್ಟಿಗೆ ಹೊತ್ತುಕೊಂಡು ನೀನೇ ಹೋಗು. ನಾನೂ ನಕ್ಕೆ. ಹುಡುಗಿ ನಮ್ಮಿಬ್ಬರ ಮುಖ ನೋಡುತ್ತ ಕುಳಿತಳು.

ಕೊನೆಗೆ ಬಂದ ಸಾಲು ಇದು: ನನ್ನ ಮಗಳು ಗೋವಾದಲ್ಲಿ ಕಲ್ಲು ಹೊರುತ್ತಾಳೆ, ನನ್ನ ಅಳು ಅವಳಿಗೆ ಇಟ್ಟಿದ್ದೇನೆ, ನಿನಗೆ ಕೊಡುವುದಿಲ್ಲ.

ಅವ್ವನ ನಗು ನಿಂತಿತು. ಹುಡುಗಿ ಅರ್ಥ ಕೇಳಿದಳು, ನಾನು ಒಂದು ಮಾತು ಬಿಡದೆ ಹೇಳಿದೆ. ಅವಳ ಮುಖ ಕಪ್ಪಿಟ್ಟಿತು. ನಾಟಕವಿರಬಹುದೆಂದು ನಾನು ಕಣ್ಣು ಕೀಲಿಸಿಯೇ ಇದ್ದೆ.

"ಇದನ್ನ ನನಗ ಕೊಡವಾ" ಎಂದಳು ಅವ್ವ.

"ಸಂಸ್ಥೆಯ ಅನುಮತಿ ಬೇಕಾಗುತ್ತಮ್ಮಾ..."

"ನಮ್ಮವ್ವ ನನಗಂತ ಇಟ್ಟದ್ದು. ತಗೊಳ್ಳಾಕ ಯಾರ ಅಪ್ಪಣಿ ಬೇಕು?"

ಹುಡುಗಿಯ ಉತ್ತರಕ್ಕೆ ನಾನು ಕಾಯಲಿಲ್ಲ. ನನ್ನ ಫೋನಿನಲ್ಲಿ ರೆಕಾರ್ಡಿಂಗ್ ಚಾಲೂ ಮಾಡಿ ಲ್ಯಾಪ್‌ಟಾಪಿನ ಮುಂದೆ ಇಟ್ಟೆ. "ಇನ್ನೊಮ್ಮೆ ಹಚ್ರಿ. ಹಚ್ಚಿ ಕೈ ತಗೀರಿ" ಎಂದೆ. ಅವಳು ಫೋನು ನೋಡಿದಳು, ನನ್ನನ್ನು ನೋಡಿದಳು, ಹಚ್ಚಿದಳು. ಅವಳ ಕೈ ಬ್ಯಾಗಿನೊಳಗೆ ಹೋದಾಗ, ಅವ್ವನನ್ನು ಹಿಡಿದಿಡಲು ರೆಕಾರ್ಡರ್ ತೆಗೆಯುತ್ತಾಳೆಂದು ನಾನು ಎದ್ದೇ ನಿಂತೆ. ಅವಳು ತೆಗೆದದ್ದು ಕರವಸ್ತ್ರ.

ಗರಗರ ಸದ್ದು, ಕೋಳಿ, ಅಜ್ಜಿ. ನನ್ನ ಹೆಸರು ಕೇಳಲಿಲ್ಲ ನೀನು ಎಂಬಲ್ಲಿ ಅವ್ವ ಈ ಸಲ ನಗಲಿಲ್ಲ. ನನ್ನ ಅಳು ಅವಳಿಗೆ ಇಟ್ಟಿದ್ದೇನೆ ಎಂಬಲ್ಲಿಗೆ ಬಂದಾಗ ಮುಂದಕ್ಕೆ ಬಾಗಿ, ಎರಡೂ ಕೈಯಿಂದ ಲ್ಯಾಪ್‌ಟಾಪನ್ನು ತಬ್ಬಿ, "ಬಂದೀನವ್ವಾ" ಎಂದು ದನಿ ತೆಗೆದು ಅತ್ತಳು.